ಜನ ಮೆಚ್ಚಿದ ಪುಟ್ಟ ಟರ್ಬೊ ಎಂಜಿನ್‌ಗಳನ್ನು ಕಂಪನಿಗಳು ಕೈಬಿಡುವುದೇಕೆ

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಎರಡು ವಸ್ತುಗಳನ್ನು ಇಟ್ಟುಕೊಂಡು ಮಾತು ಆರಂಭಿಸುತ್ತಿದ್ದೇನೆ. ಒಂದು, ಅಂಗೈಯ ಕುಳಿಯಲ್ಲಿ ಕೂರುವಷ್ಟು ಚಿಕ್ಕದಾದ ಲೋಹದ ಚಕ್ರ. ಅದರ ಸುತ್ತಲೂ ತೆಳುವಾದ, ಬಾಗಿದ ಅಲಗುಗಳಿವೆ. ಇನ್ನೊಂದು, ಒಳಬದಿಯಲ್ಲಿ ಹಲ್ಲುಗಳಿರುವ ಕಪ್ಪು ರಬ್ಬರ್ ಬೆಲ್ಟ್. ಅದರ ಅಂಚು ಬಿರಿದಿದೆ, ಕೆಲವು ಹಲ್ಲುಗಳ ಬುಡದಲ್ಲಿ ಸೀಳು ಕಾಣುತ್ತದೆ. ಎರಡೂ ಒಂದು ಲೀಟರ್ ಆಸುಪಾಸಿನ ಟರ್ಬೊ ಪೆಟ್ರೋಲ್ ಎಂಜಿನ್‌ಗಳಿಂದ ತೆಗೆದವು. ಅಂಥ ಎಂಜಿನ್‌ಗಳು ಏಕೆ ಹುಟ್ಟಿದವು ಎಂಬುದನ್ನು ಈ ಚಕ್ರದಿಂದ ಪೂರ್ತಿಯಾಗಿ ತಿಳಿಸಬಹುದು. ಅವು ಏಕೆ ಮರೆಯಾದವು ಎಂಬುದಕ್ಕೆ ಈ ಬೆಲ್ಟ್ ಒಂದು ಸಣ್ಣ ಪಾಲು ಉತ್ತರವನ್ನಷ್ಟೇ ಕೊಡುತ್ತದೆ. ಉಳಿದ ಪಾಲನ್ನು ಎಂಜಿನ್ನಿನ ಹೊರಗೆ ಹುಡುಕಬೇಕಾಗುತ್ತದೆ.

ಪ್ರಶ್ನೆ ಇಷ್ಟು. ಚೆನ್ನಾಗಿ ಮಾರಾಟವಾಗುತ್ತಿದ್ದ, ಓಡಿಸಿದವರೆಲ್ಲ ಹೊಗಳುತ್ತಿದ್ದ ಎಂಜಿನ್ ಕೆಲವೇ ವರ್ಷಗಳಲ್ಲಿ ಕಂಪನಿಯ ಪಟ್ಟಿಯಿಂದ ಇಲ್ಲವಾಗುತ್ತದೆ. ಫೋಕ್ಸ್‌ವ್ಯಾಗನ್ 2005 ರಲ್ಲಿ ತಂದ 1.4 ಲೀಟರ್ ಎಂಜಿನ್ನಿಗೆ ಟರ್ಬೊ ಜೊತೆಗೆ, ಎಂಜಿನ್ನಿನ ಬಲದಿಂದಲೇ ತಿರುಗಿ ಗಾಳಿ ತುಂಬುವ ಸೂಪರ್‌ಚಾರ್ಜರ್ ಕೂಡ ಇತ್ತು; ಅದು 2009 ಮತ್ತು 2010 ರಲ್ಲಿ ವರ್ಷದ ಅಂತರರಾಷ್ಟ್ರೀಯ ಎಂಜಿನ್ ಪ್ರಶಸ್ತಿ ಪಡೆಯಿತು. 2011 ರಲ್ಲಿ ಅದೇ ಪ್ರಶಸ್ತಿ ಫಿಯೆಟ್‌ನ 875 ಸಿಸಿ, ಎರಡೇ ಸಿಲಿಂಡರಿನ ಟ್ವಿನ್‌ಏರ್‌ಗೆ ಹೋಯಿತು. 2012 ರಿಂದ ಸತತ ಮೂರು ವರ್ಷ ಫೋರ್ಡ್‌ನ 999 ಸಿಸಿ ಎಕೋಬೂಸ್ಟ್ ಅದನ್ನು ತನ್ನದಾಗಿಸಿಕೊಂಡಿತು. ಇಂದು ಮೊದಲ ಎರಡು ಎಂಜಿನ್‌ಗಳು ಹೊಸ ಕಾರಿನಲ್ಲಿ ಸಿಗುವುದಿಲ್ಲ. ಮೂರನೆಯದು ಹೈಬ್ರಿಡ್ ನೆರವಿನೊಂದಿಗೆ, ಅಂದರೆ ವಿದ್ಯುತ್ ಮೋಟಾರಿನ ಜೊತೆಗೂಡಿ, ಮುಂದುವರಿದರೂ, ಅದನ್ನು ಮನೆಮಾತಾಗಿಸಿದ ಫಿಯೆಸ್ಟಾ ಕಾರಿನ ತಯಾರಿಕೆ 2023 ರ ಜುಲೈನಲ್ಲಿ ನಿಂತುಹೋಯಿತು. ಇಷ್ಟು ಮೆಚ್ಚುಗೆ ಪಡೆದ ಯಂತ್ರಗಳಿಗೆ ಇಷ್ಟು ಕಡಿಮೆ ಆಯುಷ್ಯವೇಕೆ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡಿದ ವಿಷಯ. ಒಂದು ಎಂಜಿನ್ನಿನ ಹಿಂದೆ ನೂರಾರು ಜನರ ವರ್ಷಗಟ್ಟಲೆಯ ದುಡಿಮೆಯಿರುತ್ತದೆ. ಅದನ್ನು ನಂಬಿ ಕಾರು ಕೊಂಡ ಲಕ್ಷಾಂತರ ಜನರಿಗೆ ಕಾರಣ ತಿಳಿಯುವ ಹಕ್ಕಿದೆ ಎಂದು ನಾನು ಭಾವಿಸುತ್ತೇನೆ.

ಪೆಟ್ರೋಲ್ ಎಂಜಿನ್ನಿಗೆ ಹುಟ್ಟಿನಿಂದಲೇ ಅಂಟಿಕೊಂಡ ಒಂದು ದೋಷವಿದೆ. ಕಾರು ನಿಧಾನವಾಗಿ ಹೋಗುವಾಗ ಒಳಬರುವ ಗಾಳಿಯನ್ನು ತಡೆಯಲು ಥ್ರಾಟಲ್ ಎಂಬ ಬಿಲ್ಲೆ ಬಹುಪಾಲು ಮುಚ್ಚಿಕೊಂಡಿರುತ್ತದೆ. ಮೂಗಿನ ಒಂದು ಹೊಳ್ಳೆಯನ್ನು ಮುಚ್ಚಿ, ಇನ್ನೊಂದನ್ನು ಅರ್ಧ ಒತ್ತಿಹಿಡಿದು ಉಸಿರೆಳೆದರೆ ಎದೆಗೆ ಎಷ್ಟು ಶ್ರಮವಾಗುತ್ತದೋ ಪಿಸ್ಟನ್‌ಗೂ ಆಗ ಅಂಥದೇ ಶ್ರಮ. ಸುಟ್ಟ ಪೆಟ್ರೋಲಿನ ಒಂದು ಭಾಗ ಬರಿಯ ಈ ಉಸಿರಾಟಕ್ಕೇ ಹೋಗುತ್ತದೆ. ಎಂಜಿನ್ ದೊಡ್ಡದಾದಷ್ಟೂ, ಕೆಲಸ ಹಗುರವಾದಷ್ಟೂ ಈ ನಷ್ಟ ಹೆಚ್ಚು. ಹಾಗಾದರೆ ಎಂಜಿನ್ನನ್ನೇ ಚಿಕ್ಕದು ಮಾಡಿ, ಥ್ರಾಟಲ್ ಸದಾ ಸಾಕಷ್ಟು ತೆರೆದಿರುವಂತೆ ನೋಡಿಕೊಂಡು, ಬಲ ಬೇಕಾದಾಗ ಮಾತ್ರ ಹೊರಗಿನಿಂದ ಗಾಳಿಯನ್ನು ಒತ್ತಿ ತುಂಬಿದರೆ ಹೇಗೆ? ಅದಕ್ಕೆ ಈ ಚಕ್ರ ಬೇಕು. ಹೊರಹೋಗುವ ಬಿಸಿ ಹೊಗೆ ಇದನ್ನು ತಿರುಗಿಸುತ್ತದೆ, ಇದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಮತ್ತೊಂದು ಚಕ್ರ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ; ಈ ಜೋಡಣೆಯೇ ಟರ್ಬೊ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಈ ಉಪಾಯಕ್ಕೆ ಪೇಟೆಂಟ್ ಪಡೆದದ್ದು 1905 ರಲ್ಲಿ. ಎಕೋಬೂಸ್ಟ್‌ನಲ್ಲಿ ಈ ಚಕ್ರ ನಿಮಿಷಕ್ಕೆ 2,48,000 ಸುತ್ತಿನವರೆಗೆ ತಿರುಗುತ್ತಿತ್ತು, ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ನೂರಾರು ಸುತ್ತು. ಎ4 ಹಾಳೆಯ ಮೇಲೆ ಕೂರುವ ಎಂಜಿನ್ ಬ್ಲಾಕ್ ಹಿಂದಿನ 1.6 ಲೀಟರ್ ಎಂಜಿನ್ನಿನ ಕೆಲಸ ಮಾಡಿದ್ದು ಇದರ ಬಲದಿಂದ. ಕಡಿಮೆ ವೇಗದಲ್ಲೇ ಒಳ್ಳೆಯ ಎಳೆತ ಸಿಗುತ್ತಿದ್ದುದರಿಂದ ಪದೇ ಪದೇ ಗೇರ್ ಬದಲಿಸುವ ಅಗತ್ಯ ಬೀಳುತ್ತಿರಲಿಲ್ಲ. ಜನ ಮೆಚ್ಚಿದ್ದು ಮುಖ್ಯವಾಗಿ ಈ ಗುಣವನ್ನು.

ಇಲ್ಲಿ ಒಂದು ಸೂಕ್ಷ್ಮವಿದೆ, ಇಡೀ ವಿಷಯ ನಿಂತಿರುವುದೇ ಅದರ ಮೇಲೆ. ಕಂಪನಿಗಳು ಇಂಥ ಎಂಜಿನ್‌ಗಳಿಗೆ ಅಪಾರ ಹಣ ಸುರಿದದ್ದು ಗ್ರಾಹಕರು ಕೇಳಿದರೆಂದಲ್ಲ, ಮೈಲೇಜ್ ಮತ್ತು ಹೊಗೆಯನ್ನು ಅಳೆಯುವ ಸರ್ಕಾರಿ ಪರೀಕ್ಷೆಯೊಂದು ಅವುಗಳಿಗೆ ಅನುಕೂಲವಾಗಿತ್ತೆಂದು. ಯುರೋಪಿನ ಹಳೆಯ ಪರೀಕ್ಷೆಯಾದ ಎನ್‌ಇಡಿಸಿಯಲ್ಲಿ ಕಾರನ್ನು ಪ್ರಯೋಗಾಲಯದ ಉರುಳೆಗಳ ಮೇಲೆ ಸುಮಾರು 20 ನಿಮಿಷ, 11 ಕಿಲೋಮೀಟರ್ ಓಡಿಸುತ್ತಿದ್ದರು. ಸರಾಸರಿ ವೇಗ ಗಂಟೆಗೆ ಸುಮಾರು 34 ಕಿಲೋಮೀಟರ್. ಅದರ ಒಂದು ಹಂತದಲ್ಲಿ ನಿಂತಲ್ಲಿಂದ 50 ಕಿಲೋಮೀಟರ್ ವೇಗ ಮುಟ್ಟಲು 26 ಸೆಕೆಂಡು ಕೊಡಲಾಗುತ್ತಿತ್ತು; ರಸ್ತೆಯಲ್ಲಿ ಹಾಗೆ ಓಡಿಸಿದರೆ ಹಿಂದಿನವರು ಹಾರ್ನ್ ಬಾರಿಸದೆ ಇರಲಾರರು. ಇಷ್ಟು ಮೆತ್ತಗಿನ ಓಟದಲ್ಲಿ ಟರ್ಬೊಗೆ ಹೆಚ್ಚು ಕೆಲಸವೇ ಬೀಳುತ್ತಿರಲಿಲ್ಲ. ಹಾಗಾಗಿ ಪರೀಕ್ಷೆಯ ಪಾಲಿಗೆ ಅದು ಪುಟ್ಟ, ಮಿತವ್ಯಯದ ಎಂಜಿನ್; ಕಾರು ಕೊಂಡವರ ಪಾಲಿಗೆ ಬೇಕೆಂದಾಗ ಚುರುಕಾಗುವ ಎಂಜಿನ್. ಒಂದೇ ಯಂತ್ರ ಎರಡು ಕಡೆ ಎರಡು ಮುಖ ತೋರಿಸುತ್ತಿತ್ತು. ಕಾಗದದ ಮೇಲಿನ ಮೈಲೇಜಿಗೂ ರಸ್ತೆಯ ಮೈಲೇಜಿಗೂ ನಡುವಿನ ಅಂತರ ಟ್ವಿನ್‌ಏರ್‌ನಂಥ ಎಂಜಿನ್‌ಗಳಲ್ಲಿ ಎದ್ದು ಕಾಣುತ್ತಿದ್ದುದಕ್ಕೆ ಕಾರಣ ಇದೇ.

2017 ರ ಸೆಪ್ಟೆಂಬರ್‌ನಿಂದ ಹೊಸ ಮಾದರಿಗಳಿಗೆ, ಮರುವರ್ಷದಿಂದ ಎಲ್ಲ ಹೊಸ ಕಾರುಗಳಿಗೆ ಡಬ್ಲ್ಯುಎಲ್‌ಟಿಪಿ ಎಂಬ ಹೊಸ ಪರೀಕ್ಷೆ ಬಂತು. 30 ನಿಮಿಷ, 23 ಕಿಲೋಮೀಟರಿಗಿಂತ ಹೆಚ್ಚು ದೂರ, ಗರಿಷ್ಠ ವೇಗ ಗಂಟೆಗೆ 131 ಕಿಲೋಮೀಟರ್, ವೇಗ ಏರಿಸುವುದೂ ಹೆಚ್ಚು ಬಿರುಸು. ಅದರ ಜೊತೆಗೇ, ಹೊಗೆ ಅಳೆಯುವ ಉಪಕರಣವನ್ನು ಕಾರಿನ ಹಿಂಬದಿಗೆ ಕಟ್ಟಿ ನಿಜವಾದ ರಸ್ತೆಯಲ್ಲಿ ಓಡಿಸಿ ನೋಡುವ ಆರ್‌ಡಿಇ ಪರೀಕ್ಷೆಯೂ ಜಾರಿಗೆ ಬಂತು. ಏರುದಾರಿ, ಹೆದ್ದಾರಿ, ಚಳಿ ಎಲ್ಲವೂ ಈಗ ಲೆಕ್ಕಕ್ಕೆ ಸೇರಿದವು. ಅಲ್ಲಿಯವರೆಗೆ ಪರೀಕ್ಷೆಯ ಕಣ್ಣಿಗೆ ಬೀಳದಿದ್ದ ಎಂಜಿನ್ನಿನ ಇನ್ನೊಂದು ಮುಖ ಬೆಳಕಿಗೆ ಬಂತು.

ಆ ಮುಖವನ್ನು ಹತ್ತಿರದಿಂದ ನೋಡೋಣ. ನಾಲ್ಕು ಜನ ಕುಳಿತ ಕಾರು ಹೆದ್ದಾರಿಯ ಏರಿನಲ್ಲಿ ಲಾರಿಯೊಂದನ್ನು ಹಿಂದಿಕ್ಕಲು ಹೊರಟಿದೆ ಎಂದುಕೊಳ್ಳಿ. ಚಾಲಕ ಆಕ್ಸಿಲರೇಟರನ್ನು ಪೂರ್ತಿ ಒತ್ತಿದ್ದಾನೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ, ಸಿಲಿಂಡರಿನೊಳಗೆ ಒತ್ತಡವೂ ಬಿಸಿಯೂ ಏರುತ್ತವೆ. ಸ್ಪಾರ್ಕ್ ಪ್ಲಗ್ ಹಚ್ಚಿದ ಉರಿ ತಲುಪುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವ ನಾಕಿಂಗ್ ಅಪಾಯ ಎದುರಾಗುತ್ತದೆ. ಅದನ್ನು ತಪ್ಪಿಸಲು ಕಂಪ್ಯೂಟರ್ ಕಿಡಿಯನ್ನು ತುಸು ತಡಮಾಡುತ್ತದೆ. ಕಿಡಿ ತಡವಾದರೆ ಉರಿಯುವ ಕ್ರಿಯೆ ತಡವಾಗಿ ಮುಗಿಯುತ್ತದೆ. ಪಿಸ್ಟನ್ನನ್ನು ತಳ್ಳಬೇಕಾದ ಶಾಖದ ಒಂದು ಭಾಗ ಹೊಗೆಯ ಜೊತೆಗೆ ಹೊರಬರುತ್ತದೆ. ಆ ಹೊಗೆ ನೇರವಾಗಿ ಬಂದು ಬಡಿಯುವುದು ಈ ಪುಟ್ಟ ಚಕ್ರಕ್ಕೆ. ಸುಮಾರು 950 ರಿಂದ 1,050 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇದು ತಾಳುವುದಿಲ್ಲ. ಆಗ ಕಂಪ್ಯೂಟರ್ ಮಾಡುವ ಕೆಲಸವೆಂದರೆ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುವುದು. ಆ ಹೆಚ್ಚುವರಿ ಪೆಟ್ರೋಲ್ ಬಲ ಕೊಡುವುದಿಲ್ಲ; ಆವಿಯಾಗುತ್ತ ಬಿಸಿಯನ್ನು ಹೀರಿ ಚಕ್ರವನ್ನು ತಣಿಸುತ್ತದೆ. ಬೆಂಕಿ ಆರಿಸಲು ನೀರು ಸುರಿಯುವ ಜಾಗದಲ್ಲಿ ಪೆಟ್ರೋಲ್ ಸುರಿದಂತೆ ಇದು.

ಇದರಿಂದ ಮೈಲೇಜ್ ಕುಸಿಯುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡದು ಬೇರೆಯೇ ಇದೆ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಇರಬೇಕು. ಪೆಟ್ರೋಲ್ ಹೆಚ್ಚಾದ ಕೂಡಲೇ ಕಾರ್ಬನ್ ಮಾನಾಕ್ಸೈಡ್ ಸುಡದೆ ಹೊರಗೆ ಹೋಗುತ್ತದೆ. ಎಷ್ಟೇ ಹೊರೆ ಬಿದ್ದರೂ ಈ ಅನುಪಾತವನ್ನು ಕೆಡಿಸದೆ ಓಡಬಲ್ಲ ಸಣ್ಣ ಟರ್ಬೊ ಎಂಜಿನ್ನನ್ನು ಕಟ್ಟಲು ಸಾಧ್ಯವಿದೆ. ಹೊಗೆಯ ಕೊಳವೆಯನ್ನು ಸಿಲಿಂಡರ್ ಹೆಡ್ಡಿನೊಳಗೇ ಅಡಗಿಸಿ ನೀರಿನಿಂದ ತಣಿಸಬಹುದು, ಗಾಳಿಯ ಕವಾಟವನ್ನು ಬೇಗ ಮುಚ್ಚುವ ಮಿಲ್ಲರ್ ಕ್ರಮವನ್ನು ಅನುಸರಿಸಬಹುದು, ಅಲಗುಗಳ ಕೋನ ಬದಲಾಗುವ ದುಬಾರಿ ಟರ್ಬೊ ಜೋಡಿಸಬಹುದು. ಫೋಕ್ಸ್‌ವ್ಯಾಗನ್ 1.4 ಲೀಟರಿನ ಜಾಗಕ್ಕೆ 1.5 ಲೀಟರ್ ಎಂಜಿನ್ ತಂದಾಗ ಕೊನೆಯ ಎರಡು ಉಪಾಯಗಳನ್ನೂ ಬಳಸಿತು. ಗಮನಿಸಿ, ಹೊಸ ಎಂಜಿನ್ ಹಳೆಯದಕ್ಕಿಂತ ದೊಡ್ಡದು. ರೆನೋ ಕೂಡ ತನ್ನ 898 ಸಿಸಿ ಎಂಜಿನ್ ಬಿಟ್ಟು 999 ಸಿಸಿಗೆ ಬಂತು. ಸುಜುಕಿ ತನ್ನ 1.4 ಲೀಟರ್ ಸ್ವಿಫ್ಟ್ ಸ್ಪೋರ್ಟ್ ಕಾರಿಗೆ 2020 ರಲ್ಲಿ 48 ವೋಲ್ಟ್ ಹೈಬ್ರಿಡ್ ನೆರವು ಜೋಡಿಸಿತು, ಆದರೆ ಎಂಜಿನ್ನಿನ ಬಲ ಮಾತ್ರ 140 ರಿಂದ 129 ಅಶ್ವಶಕ್ತಿಗೆ ಇಳಿಯಿತು. ಇಂಥ ಬದಲಾವಣೆಗಳೆಲ್ಲ ಒಂದೇ ಕಡೆಗೆ ಬೊಟ್ಟು ಮಾಡುತ್ತವೆ: ಎಂಜಿನ್ನನ್ನು ತೀರ ಚಿಕ್ಕದು ಮಾಡಿದ್ದರಿಂದ ಬರುತ್ತಿದ್ದ ಲಾಭ ಹೊಸ ಪರೀಕ್ಷೆಯಲ್ಲಿ ಉಳಿಯಲಿಲ್ಲ.

ಮಸಿಯ ವಿಷಯವೂ ಇದಕ್ಕೆ ಸೇರಿಕೊಂಡಿತು. ಇವುಗಳಲ್ಲಿ ಬಹುತೇಕ ಎಂಜಿನ್‌ಗಳು ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಸಿಂಪಡಿಸುತ್ತವೆ. ಎಂಜಿನ್ ಇನ್ನೂ ತಣ್ಣಗಿರುವಾಗ ಒಂದಿಷ್ಟು ಪೆಟ್ರೋಲ್ ಪಿಸ್ಟನ್ನಿನ ತಲೆಗೆ ಅಂಟಿ, ಪೂರ್ತಿ ಆವಿಯಾಗದೆ ಸುಟ್ಟು, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಮಸಿಯ ಕಣಗಳಾಗುತ್ತದೆ. ಯುರೋಪಿನಲ್ಲಿ ಇಂಥ ಎಂಜಿನ್‌ಗಳಿಗೆ ಕಿಲೋಮೀಟರಿಗೆ 6 ಲಕ್ಷ ಕೋಟಿ ಕಣಗಳ ತನಕ ಇದ್ದ ರಿಯಾಯಿತಿ 2017-18 ರಲ್ಲಿ ಮುಗಿದು, ಮಿತಿ 60,000 ಕೋಟಿಗೆ, ಅಂದರೆ ಹತ್ತನೆಯ ಒಂದು ಪಾಲಿಗೆ ಇಳಿಯಿತು. ಬಹುತೇಕ ಕಂಪನಿಗಳು ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಅಳವಡಿಸಬೇಕಾಯಿತು. ದುಬಾರಿ ಕಾರಿನ ಬೆಲೆಯಲ್ಲಿ ಈ ಖರ್ಚು ಕರಗಿಹೋಗುತ್ತದೆ. ಸಣ್ಣ ಕಾರಿನ ಲಾಭಾಂಶ ಮೊದಲೇ ತೆಳು. ಅಲ್ಲಿ ಟರ್ಬೊ, ಅಧಿಕ ಒತ್ತಡದ ಪಂಪ್, ಫಿಲ್ಟರ್ ಒಂದರ ಮೇಲೊಂದು ಸೇರಿದಾಗ ಲೆಕ್ಕ ತಪ್ಪುತ್ತದೆ. ನನ್ನ ದೃಷ್ಟಿಯಲ್ಲಿ ಈ ಮಿತಿ ಸರಿಯಾದದ್ದೇ. ಆ ಕಣಗಳು ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಎಂಜಿನ್ನಿನ ಮೇಲಿನ ಪ್ರೀತಿಗಾಗಿ ಅದನ್ನು ಮರೆಯಲಾಗದು.

ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ಹಣ ಹಾಕಿ ಸರಿಪಡಿಸಬಹುದಿತ್ತು. ಆದರೆ ಅದೇ ಹಣವನ್ನು ಬೇರೆಡೆ ಹಾಕಿದರೆ ಹೆಚ್ಚು ಫಲವಿದೆ ಎಂಬಂಥ ಇನ್ನೊಂದು ನಿಯಮ ಬಂತು. ಯುರೋಪಿನಲ್ಲಿ ಒಂದು ಕಂಪನಿ ಮಾರಿದ ಎಲ್ಲ ಹೊಸ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ 2015 ರಲ್ಲಿ ಕಿಲೋಮೀಟರಿಗೆ 130 ಗ್ರಾಂ ಇರಬೇಕೆಂದಿತ್ತು. 2021 ರ ಹೊತ್ತಿಗೆ ಅದು 95 ಗ್ರಾಂಗೆ ಇಳಿಯಬೇಕಾಯಿತು. ಮೀರಿದ ಪ್ರತಿ ಗ್ರಾಂಗೆ, ಮಾರಿದ ಪ್ರತಿ ಕಾರಿಗೆ 95 ಯೂರೋ ದಂಡ. ಹತ್ತು ಲಕ್ಷ ಕಾರು ಮಾರುವ ಕಂಪನಿ ಸರಾಸರಿಯಲ್ಲಿ ಐದೇ ಗ್ರಾಂ ಮೀರಿದರೂ 47.5 ಕೋಟಿ ಯೂರೋ ತೆರಬೇಕು. ಹೀಗಿರುವಾಗ, ಮಿತಿಗಿಂತ ಸ್ವಲ್ಪ ಮೇಲಿರುವ ಸಣ್ಣ ಟರ್ಬೊ ಕಾರು ಎಷ್ಟು ಹೆಚ್ಚು ಮಾರಾಟವಾದರೆ ಸರಾಸರಿ ಅಷ್ಟು ಮೇಲಕ್ಕೆ ಎಳೆಯಲ್ಪಡುತ್ತದೆ. ಜನಪ್ರಿಯತೆಯೇ ಎಂಜಿನ್ನಿಗೆ ಮುಳುವಾಗುವ ಸ್ಥಿತಿ ಇದು. ಪಟ್ಟಿಯಿಂದ ತೆಗೆಯುವಾಗ ಅಷ್ಟಾಗಿ ಮಾರಾಟವಾಗದ ಎಂಜಿನ್ನಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಮೊದಲೇ, ಹೆಚ್ಚು ಮಾರಾಟವಾಗುವ ಎಂಜಿನ್ ಏಕೆ ಲೆಕ್ಕಿಗರ ಕಣ್ಣಿಗೆ ಬೀಳುತ್ತದೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಹೈಬ್ರಿಡ್ ಬಂದು ಟರ್ಬೊವಿನ ಕೆಲಸವನ್ನೇ ಕಸಿದುಕೊಂಡಿತು. ಟರ್ಬೊ ಬೇಕಾಗಿದ್ದುದು ಕಡಿಮೆ ವೇಗದಲ್ಲಿ ಎಳೆತ ಕೊಡಲು. ವಿದ್ಯುತ್ ಮೋಟಾರು ನಿಂತಲ್ಲಿಂದಲೇ, ಕ್ಷಣವೂ ಕಾಯಿಸದೆ ಅದನ್ನು ಕೊಡುತ್ತದೆ. ಥ್ರಾಟಲ್ ಮುಚ್ಚಿಕೊಂಡು ನಿಧಾನವಾಗಿ ಸಾಗುವ ಹೊತ್ತಿನಲ್ಲಿ ಎಂಜಿನ್ನನ್ನೇ ಆರಿಸಿಬಿಡಬಹುದು. ಚಿಕ್ಕ ಎಂಜಿನ್ನಿನಿಂದ ನೀಗಿಸಬೇಕೆಂದಿದ್ದ ನಷ್ಟವೇ ಅಲ್ಲಿರುವುದಿಲ್ಲ. ಹಾಗಾದ ಮೇಲೆ ಟರ್ಬೊ ಇಲ್ಲದ, ಸರಳವಾದ, ತುಸು ದೊಡ್ಡ ಎಂಜಿನ್ನೇ ಸಾಕು. ಹೋಂಡಾ 2017 ರಲ್ಲಿ ಯುರೋಪಿನ ಸಿವಿಕ್‌ಗೆ ಒಂದು ಲೀಟರ್ ಟರ್ಬೊ ಕೊಟ್ಟಿತ್ತು. ಮುಂದಿನ ತಲೆಮಾರಿನ ಸಿವಿಕ್ 2022 ರಲ್ಲಿ ಅಲ್ಲಿಗೆ ಬಂದಾಗ ಅದರಲ್ಲಿದ್ದದ್ದು ಟರ್ಬೊ ಇಲ್ಲದ 2 ಲೀಟರ್ ಹೈಬ್ರಿಡ್. ಟೊಯೊಟಾ ಸಿ-ಎಚ್‌ಆರ್ ಕಾರಿನಲ್ಲಿದ್ದ 1.2 ಲೀಟರ್ ಟರ್ಬೊ ಯುರೋಪಿನಲ್ಲಿ ನಿಂತು, ಹೈಬ್ರಿಡ್‌ಗಳು ಉಳಿದವು. ಫಿಯೆಟ್ 500 ರಲ್ಲಿ 2020 ರಲ್ಲಿ ಬಂದ ಮೈಲ್ಡ್ ಹೈಬ್ರಿಡ್ ಎಂಜಿನ್ ಒಂದು ಲೀಟರಿನದು, ಟರ್ಬೊ ಇಲ್ಲದ್ದು, 70 ಅಶ್ವಶಕ್ತಿಯದು. ಪ್ರಶಸ್ತಿ ಗೆದ್ದ 85 ಅಶ್ವಶಕ್ತಿಯ ಟ್ವಿನ್‌ಏರ್ ಇದ್ದ ಕಾರಿನಲ್ಲೇ ಅದಕ್ಕಿಂತ ಮಂದವಾದ, ಅದಕ್ಕಿಂತ ಸರಳವಾದ ಎಂಜಿನ್ ಬಂದು ಕುಳಿತುಕೊಂಡಿತು. ಓಡಿಸುವ ಖುಷಿಯಲ್ಲಿ ಇದು ನಷ್ಟವೆಂದು ನಾನು ಒಪ್ಪುತ್ತೇನೆ.

ತಾಂತ್ರಿಕ ಕಾರಣ ಒಂದೂ ಇಲ್ಲದೆ ಹೋದ ಎಂಜಿನ್‌ಗಳೂ ಇವೆ. ಒಪೆಲ್ 2014 ರಲ್ಲಿ ಆ್ಯಡಮ್ ಎಂಬ ಪುಟ್ಟ ಕಾರಿನಲ್ಲಿ ತಂದ ಒಂದು ಲೀಟರ್, ಮೂರು ಸಿಲಿಂಡರಿನ ಟರ್ಬೊ ಎಂಜಿನ್ನಿಗೆ ಬ್ಯಾಲೆನ್ಸ್ ಶಾಫ್ಟ್ ಇತ್ತು. ಮೂರು ಸಿಲಿಂಡರಿನ ಎಂಜಿನ್‌ಗಳಿಗೆ ಸಹಜವಾದ ನಡುಕ ಅದರಲ್ಲಿ ಬಹಳ ಕಡಿಮೆ. 2017 ರ ಆಗಸ್ಟ್‌ನಲ್ಲಿ ಒಪೆಲ್ ಕಂಪನಿ ಜನರಲ್ ಮೋಟಾರ್ಸ್‌ನ ಕೈಯಿಂದ ಫ್ರಾನ್ಸಿನ ಪಿಎಸ್‌ಎ ಕೈಗೆ ಹೋಯಿತು. ಪಿಎಸ್‌ಎ ಬಳಿ ಅದೇ ಕೆಲಸಕ್ಕೆ ತನ್ನದೇ 1.2 ಲೀಟರ್ ಟರ್ಬೊ ಇತ್ತು. 2019 ರ ಹೊಸ ಕೋರ್ಸಾ ಆ ಎಂಜಿನ್ನಿನೊಂದಿಗೆ ಬಂತು. ಒಪೆಲ್‌ನ ಎಂಜಿನ್ ಐದಾರು ವರ್ಷಗಳಲ್ಲಿ ಚರಿತ್ರೆಗೆ ಸೇರಿತು. ಎಂಜಿನ್ ತಯಾರಿಸುವ ಯಂತ್ರಸಾಲನ್ನು ಕೂರಿಸಲು ಅಪಾರ ಬಂಡವಾಳ ಬೇಕು. ವರ್ಷಕ್ಕೆ ಲಕ್ಷಗಟ್ಟಲೆ ಎಂಜಿನ್‌ಗಳು ಹೊರಬಂದರೆ ಮಾತ್ರ ಅದು ಗಿಟ್ಟುತ್ತದೆ. ಒಂದೇ ಮನೆಯಲ್ಲಿ ಒಂದೇ ಅಳತೆಯ ಎರಡು ಎಂಜಿನ್‌ಗಳಿಗೆ ಜಾಗವಿರುವುದಿಲ್ಲ.

ಪರೀಕ್ಷೆಯ ಖರ್ಚನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಡಬ್ಲ್ಯುಎಲ್‌ಟಿಪಿಯಲ್ಲಿ ಎಂಜಿನ್, ಗೇರ್‌ಬಾಕ್ಸ್, ಕಾರಿನ ಆಕಾರ, ಟೈರ್ ಇವುಗಳ ಜೋಡಣೆ ಬದಲಾದಂತೆಲ್ಲ ಲೆಕ್ಕವೂ ಬದಲಾಗುತ್ತದೆ. 2018 ರಲ್ಲಿ ಪರೀಕ್ಷೆ ಮುಗಿಯದ ಕಾರುಗಳು ಎಷ್ಟು ಸೇರಿದವೆಂದರೆ, ಅವನ್ನು ನಿಲ್ಲಿಸಲು ಫೋಕ್ಸ್‌ವ್ಯಾಗನ್ ಕಂಪನಿ ಆಗಿನ್ನೂ ಆರಂಭವಾಗಿರದ ಬರ್ಲಿನ್ನಿನ ಹೊಸ ವಿಮಾನ ನಿಲ್ದಾಣದಲ್ಲಿ ಪಾರ್ಕಿಂಗ್ ಜಾಗವನ್ನು ಬಾಡಿಗೆಗೆ ಪಡೆಯಿತು. ಅಂಥ ಹೊತ್ತಿನಲ್ಲಿ ಕಂಪನಿಗಳು ಮೊದಲು ಮಾಡುವುದು ಪಟ್ಟಿಯನ್ನು ಮೊಟಕುಗೊಳಿಸುವುದನ್ನೇ. ಹೊಗೆಗೆ ಮಿತಿ ಹಾಕುವ ಯುರೋಪಿನ ಯುರೋ 7 ನಿಯಮ 2026 ರ ನವೆಂಬರ್ ಕೊನೆಯಿಂದ ಹೊಸ ಮಾದರಿಗಳಿಗೆ ಅನ್ವಯವಾಗುವಾಗ, ಇನ್ನೂ ಸಣ್ಣ, 10 ನ್ಯಾನೊಮೀಟರಿನ ಕಣಗಳನ್ನೂ ಎಣಿಸಬೇಕಾಗುತ್ತದೆ. ಪ್ರತಿ ಹೊಸ ನಿಯಮದ ಹೊಸ್ತಿಲಲ್ಲಿ ಕಂಪನಿ ತನ್ನನ್ನು ತಾನೇ ಕೇಳಿಕೊಳ್ಳುವುದು ಒಂದೇ: ಈ ಎಂಜಿನ್ನನ್ನು ಮತ್ತೊಮ್ಮೆ ತಿದ್ದಿ ಪಾಸು ಮಾಡಿಸಲು ತಗಲುವ ಹಣ ಉಳಿದಿರುವ ಅದರ ಆಯುಷ್ಯದಲ್ಲಿ ವಾಪಸು ಬಂದೀತೇ?

ನಿಯಮ ಬೇರೆಯಾದರೆ ಉತ್ತರವೂ ಬೇರೆಯಾಗುತ್ತದೆ. ಬಹುಕಾಲ ಎಂಜಿನ್ನಿನ ಗಾತ್ರ ನೋಡಿ ತೆರಿಗೆ ಹಾಕುತ್ತಿದ್ದ ಬ್ರೆಜಿಲ್‌ನಲ್ಲಿ ಒಂದು ಲೀಟರ್ ಟರ್ಬೊಗೆ ಇಂದಿಗೂ ಬೇಡಿಕೆಯಿದೆ; ಜಪಾನಿನಲ್ಲಿ 660 ಸಿಸಿ ಮಿತಿಯ ಕೇ ಕಾರುಗಳಲ್ಲಿ ಪುಟ್ಟ ಟರ್ಬೊ ದಶಕಗಳಿಂದ ಬಾಳಿಕೊಂಡು ಬಂದಿದೆ.

ಈಗ ಈ ಬೆಲ್ಟಿಗೆ ಬರೋಣ. ಎಂಜಿನ್ನಿನ ಕವಾಟಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಹಿಂದೆಲ್ಲ ಒಣಗಿರುತ್ತಿತ್ತು, ಇಲ್ಲವೇ ಅದರ ಬದಲು ಲೋಹದ ಚೈನ್ ಇರುತ್ತಿತ್ತು. ಘರ್ಷಣೆಯನ್ನೂ ಸದ್ದನ್ನೂ ತಗ್ಗಿಸಲು ಫೋರ್ಡ್‌ನ ಒಂದು ಲೀಟರ್ ಮತ್ತು ಪಿಎಸ್‌ಎಯ 1.2 ಲೀಟರ್ ಎಂಜಿನ್‌ಗಳು ಆಯಿಲಿನೊಳಗೇ ಓಡುವ ಬೆಲ್ಟನ್ನು ಆರಿಸಿಕೊಂಡವು. ನೇರ ಸಿಂಪಡಣೆಯ ಎಂಜಿನ್‌ಗಳಲ್ಲಿ, ಮುಖ್ಯವಾಗಿ ಕಾರು ಹತ್ತಿರದ ದೂರಕ್ಕಷ್ಟೇ ಓಡಿ ಎಂಜಿನ್ ಪೂರ್ತಿ ಕಾಯದೆ ನಿಲ್ಲುತ್ತಿದ್ದರೆ, ಸುಡದ ಪೆಟ್ರೋಲ್ ಇಳಿದು ಆಯಿಲಿಗೆ ಬೆರೆಯುತ್ತದೆ. ಆ ಮಿಶ್ರಣದಲ್ಲಿ ನೆನೆದ ರಬ್ಬರ್ ಮೆತ್ತಗಾಗಿ ಊದಿಕೊಳ್ಳುತ್ತದೆ, ಆಮೇಲೆ ಉದುರುತ್ತದೆ. ಉದುರಿದ ಚೂರುಗಳು ಆಯಿಲ್ ಪಂಪಿನ ಜರಡಿಯಲ್ಲಿ ಕೂಡಿಕೊಂಡರೆ ಆಯಿಲಿನ ಒತ್ತಡ ಬೀಳುತ್ತದೆ. ಲಕ್ಷಾಂತರ ಸುತ್ತು ತಿರುಗುವ ಟರ್ಬೊ ಅಚ್ಚಿಗೆ ಒಂದಿಷ್ಟು ಹೊತ್ತು ಆಯಿಲ್ ಸಿಗದಿದ್ದರೂ ಕಥೆ ಮುಗಿಯಿತು. ಪಿಎಸ್‌ಎಯ ಉತ್ತರಾಧಿಕಾರಿಯಾದ ಸ್ಟೆಲಾಂಟಿಸ್ ಯುರೋಪಿನಲ್ಲಿ ಆ ಎಂಜಿನ್ನಿನ ಖಾತರಿಯನ್ನು, ಷರತ್ತುಗಳೊಂದಿಗೆ, 10 ವರ್ಷ ಅಥವಾ 1,75,000 ಕಿಲೋಮೀಟರಿಗೆ ವಿಸ್ತರಿಸಬೇಕಾಯಿತು. ಹೈಬ್ರಿಡ್‌ಗೆಂದು ಹೊಸದಾಗಿ ರೂಪಿಸಿದ 1.2 ಲೀಟರ್ ಎಂಜಿನ್‌ನಲ್ಲಿ ಬೆಲ್ಟ್ ತೆಗೆದು ಚೈನ್ ಹಾಕಿತು. ಇಂಥ ದೋಷಗಳು ಎಂಜಿನ್ನಿನ ಹೆಸರನ್ನು ಕೆಡಿಸುತ್ತವೆ, ಖಾತರಿಯ ಖರ್ಚನ್ನು ಏರಿಸುತ್ತವೆ. ಆದರೂ ದೋಷವೊಂದೇ ಎಂಜಿನ್ನನ್ನು ಕೊಲ್ಲುವುದು ಅಪರೂಪ. ತಿದ್ದುವುದರಿಂದ ಲಾಭವಿದ್ದರೆ ಕಂಪನಿಗಳು ತಿದ್ದುತ್ತವೆ ಎಂಬುದಕ್ಕೆ ಆ ಚೈನೇ ಸಾಕ್ಷಿ.

ಮಾತು ಮುಗಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರಿಸಬೇಕು. ಉಪನ್ಯಾಸಕ್ಕೆ ಮುಂಚೆ ಸಭಿಕರಲ್ಲಿ ಒಬ್ಬರು ನನ್ನನ್ನು ಕೇಳಿದರು: "ನನ್ನ ಕಾರಿನ ಎಂಜಿನ್ನನ್ನು ಕಂಪನಿ ನಿಲ್ಲಿಸಿಬಿಟ್ಟಿದೆ. ಅದು ಕೆಟ್ಟ ಎಂಜಿನ್ ಎಂದು ಅರ್ಥವೇ? ಮಾರಿಬಿಡಲೇ?" ಅಮ್ಮಾ, ಅದು ಕೆಟ್ಟ ಎಂಜಿನ್ ಎಂದು ಅರ್ಥವಲ್ಲ. ಲಕ್ಷಗಟ್ಟಲೆ ಮಾರಾಟವಾದ ಎಂಜಿನ್ನಿಗೆ ಬಿಡಿಭಾಗ ಮಾಡುವವರು ಮೂಲ ಕಂಪನಿ ನಿಲ್ಲಿಸಿದ ಮೇಲೂ ಇರುತ್ತಾರೆ, ಏಕೆಂದರೆ ಅಲ್ಲಿ ಅವರಿಗೆ ವ್ಯಾಪಾರವಿದೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸಿ. ಟರ್ಬೊ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಕಿಡಿಗೆ ಮುಂಚೆಯೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಒಡೆಯುವ ತೊಂದರೆಯೊಂದಿದೆ. ಅದನ್ನು ತಡೆಯುವಂತೆ ಆಯಿಲಿನ ದರ್ಜೆಗಳನ್ನೇ 2018 ರಿಂದ ಈಚೆಗೆ ಬದಲಿಸಲಾಗಿದೆ. ಆಯಿಲ್ ಬದಲಿಸುವ ಅವಧಿಯನ್ನು ಮೀರಬೇಡಿ. ಹತ್ತಿರದ ಓಡಾಟವೇ ಹೆಚ್ಚಾದರೆ ಅವಧಿಗೆ ಮುಂಚೆಯೇ ಬದಲಿಸಿ. ನಿಮ್ಮದು ಆಯಿಲಿನಲ್ಲಿ ಓಡುವ ಬೆಲ್ಟ್ ಇರುವ ಎಂಜಿನ್ ಆಗಿದ್ದರೆ, ಮುಂದಿನ ಸರ್ವಿಸ್‌ನಲ್ಲಿ ಬೆಲ್ಟನ್ನು ನೋಡಲು ಹೇಳಿ. ಪಿಎಸ್‌ಎಯ 1.2 ರಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಬೆಲ್ಟಿನ ಬೆನ್ನು ಕಾಣಿಸುತ್ತದೆ. ಅದು ಊದಿಕೊಂಡು ಅಗಲವಾಗಿದೆಯೇ ಎಂದು ಅಳೆಯಲು ಮೆಕ್ಯಾನಿಕ್‌ಗಳ ಬಳಿ ಒಂದು ಸಣ್ಣ ಅಳತೆಪಟ್ಟಿ ಇರುತ್ತದೆ. ಬೆಲ್ಟ್ ಆ ಪಟ್ಟಿಯ ಎರಡು ಹಲ್ಲುಗಳ ನಡುವೆ ಸಲೀಸಾಗಿ ಕೂತರೆ ಕಾರನ್ನು ಇಟ್ಟುಕೊಳ್ಳಿ. ಕೂರದಿದ್ದರೆ ಬೆಲ್ಟ್ ಬದಲಿಸಿ, ಜರಡಿಯನ್ನೂ ಬಿಚ್ಚಿಸಿ ನೋಡಿ.